ನಾಲ್ಕೂವರೆ ವರ್ಷದ ಲ್ಯಾಪ್‌ಟಾಪ್ ಮಾರ್ಲಿಕ್ಕುಂಟು, ಎಷ್ಟು ಅಂತ ಹಾಕುದು?

ಬಂಗುಡೆ_ಬೈಟ್ಸ್ (ಬಿಜೈ, ಮಂಗಳೂರು)

ಲ್ಯಾಪ್‌ಟಾಪ್ ಮಾರ್ಲಿಕ್ಕೆ ಆನ್‌ಲೈನಲ್ಲಿ ಹಾಕಿ ಹನ್ನೆರಡು ದಿನ ಆಯ್ತು. ಬಂದ ಮೆಸೇಜ್ ಒಟ್ಟು ಒಂಬತ್ತು. ಆರು ಜನ "ಲಾಸ್ಟ್ ಎಷ್ಟು?", ಇಬ್ಬರು "ಇದೆಯಾ?", ಒಬ್ಬ "ಹಳೇ ಫೋನ್ ಕೊಡ್ತೇನೆ, ಎಕ್ಸ್‌ಚೇಂಜ್ ಆಗ್ತದಾ?"

ವಿವರ: 15.6 ಇಂಚು, ಇಂಟೆಲ್ ಐ5-1135ಜಿ7 ಪ್ರೊಸೆಸರ್, 8 ಜಿಬಿ ರ್ಯಾಮ್, 512 ಜಿಬಿ ಎಸ್ಎಸ್‌ಡಿ. 2021ರ ಸೆಪ್ಟೆಂಬರ್ ಬಿಲ್ಲು, 58,000. ವಾರಂಟಿ ಮುಗಿದಿದೆ. ಚಾರ್ಜರ್ ಉಂಟು, ಬಾಕ್ಸ್ ಇಲ್ಲ. ಎಡಗಡೆ ಹಿಂಜ್ (ಪರದೆ ತಿರುಗುವ ಕೀಲು) ಬಿಗಿ, ತೆಗೆಯುವಾಗ ಟಕ್ ಅಂತದೆ.

ಹಾಕಿದ ಜಾಹೀರಾತು ಇದು: "ಅರ್ಜೆಂಟ್ ಸೇಲ್!! ಐ5 ಲ್ಯಾಪ್‌ಟಾಪ್, ಸೂಪರ್ ಕಂಡಿಷನ್, ಒರಿಜಿನಲ್ ಆಫೀಸ್ ಸಮೇತ, ಫಿಕ್ಸೆಡ್ ಪ್ರೈಸ್ 35,000." ಫೋಟೋ ಎರಡು. ಎಂತ ತಪ್ಪಾಗಿದೆ? ಮಳೆ ಹಿಡಿಯುವ ಮೊದಲು ಕೈ ಬಿಡ್ಬೇಕು.

ನೀರುದೋಸೆ

"ಅರ್ಜೆಂಟ್" ಅಂತ ಬರೆದು ಪಕ್ಕದಲ್ಲೇ "ಫಿಕ್ಸೆಡ್" ಅಂತೀರಲ್ಲ ಮಾರಾಯ್ರೆ. ಅರ್ಜೆಂಟ್ ಅಂದ್ರೆ ಓದುವವನಿಗೆ ಕೇಳುದು "ಅರ್ಧಕ್ಕೆ ಕೇಳು" ಅಂತ.

ಸ್ಕ್ರೂಡ್ರೈವರ್_ಕಂಕನಾಡಿ

35,000 ಎಲ್ಲಿಂದ ಬಂತು? 58,000ಕ್ಕೆ ತಗೊಂಡದ್ದು, 60 ಪರ್ಸೆಂಟ್ ಅಂತ ಲೆಕ್ಕ ಹಾಕಿದ್ದೀರಿ, ಅಷ್ಟೇ. ನೀವು ಎಷ್ಟು ಕೊಟ್ಟಿರಿ ಅನ್ನುದು ಕೊಳ್ಳುವವನಿಗೆ ಬೇಡ. ಅವನ ಪ್ರಶ್ನೆ ಒಂದೇ: ಇಷ್ಟೇ ಕೆಲಸ ಮಾಡುವ ಹೊಸದು, ಒಂದು ವರ್ಷ ವಾರಂಟಿ ಸಮೇತ, ಇವತ್ತು ಎಷ್ಟಕ್ಕೆ ಸಿಗ್ತದೆ?

ಹಾಗಾಗಿ ಮೊದಲು ಆ ಹೊಸದರ ಬೆಲೆ ಹುಡುಕಿ. ಐ5 ಅಂತ ಹೆಸರು ನೋಡಿ ಐ5ಕ್ಕೆ ಹೋಲಿಸಬೇಡಿ. 1135ಜಿ7 ನಾಲ್ಕು ಕೋರಿನದ್ದು, ಈಗಿನ ಐ3 ಇದರ ಸಮಕ್ಕೆ ಬಂದು ನಿಂತಿದೆ. ಅಂಥದ್ದು 44,000ಕ್ಕೆ ಸಿಗ್ತದೆ ಅಂತ ಇಟ್ಟುಕೊಳ್ಳಿ. ವಾರಂಟಿ ಇಲ್ಲದ, ನಾಲ್ಕು ವರ್ಷ ದಾಟಿದ ಮೆಷಿನಿಗೆ ಅದರ ಅರ್ಧ: 22,000. ಬ್ಯಾಟರಿ ಬಳಲಿದ್ರೆ 2,000ದಿಂದ 2,500 ಕಳೆಯಿರಿ. ಹಿಂಜಿಗೆ 1,500. ಬಾಕ್ಸ್ ಇಲ್ಲದ್ದಕ್ಕೆ ಎಂತದೂ ಕಳೆಯುದು ಬೇಡ, ಬಿಲ್ಲು ಇದ್ರೆ ಸಾಕು. 18,000ದ ಹತ್ತಿರ ನಿಲ್ತದೆ. 20,500 ಅಂತ ಹಾಕಿ, 18,000ಕ್ಕೆ ಬಿಡಿ.

ಗೋಳಿಬಜೆ_ಗೇಮರ್

ಅರ್ಧ ಅನ್ನುದು ಹಳೇ ಲೆಕ್ಕ. 2025ರ ಕೊನೆಯಿಂದ ರ್ಯಾಮ್ ರೇಟ್ ಏರಿದ್ದು ಗೊತ್ತುಂಟಲ್ಲ? ಎಐ ಸರ್ವರಿಗೆ ಮೆಮೊರಿ ಹೋಗ್ತಾ ಉಂಟು, ಹಳೇ ಬಗೆಯ ರ್ಯಾಮ್ ಡಿಡಿಆರ್4 ಸಹ ಬಿಡ್ಲಿಲ್ಲ. ಹೊಸದು ದುಬಾರಿ ಆದಷ್ಟೂ ಹಳೇದಕ್ಕೆ ಕೇಳುವವರು ಹೆಚ್ಚು. ನಾನು 55 ಪರ್ಸೆಂಟ್ ಹಿಡೀತೇನೆ.

ಸ್ಕ್ರೂಡ್ರೈವರ್_ಕಂಕನಾಡಿ

ಹೊಸದು ದುಬಾರಿ ಆದ್ರೆ ಆ 44,000ವೇ 48,000 ಆಗ್ತದೆ, ಅರ್ಧವೂ ತಾನಾಗಿ ಏರ್ತದೆ. ಪರ್ಸೆಂಟನ್ನೂ ಏರಿಸಿದ್ರೆ ಒಂದೇ ಕಾರಣಕ್ಕೆ ಎರಡು ಸಲ ದುಡ್ಡು ಕೇಳಿದ ಹಾಗೆ. 16 ಜಿಬಿ ಇದ್ದಿದ್ರೆ ನಿಮ್ಮ ಮಾತು ಒಪ್ತಿದ್ದೆ. ಇದು 8.

ಟೈಗರ್‌ಸರ್ಕಲ್ (ಮಣಿಪಾಲ)

ಇನ್ನೊಂದು ತಪ್ಪು ಎಲ್ಲರೂ ಮಾಡುದು: ಅದೇ ಮಾಡೆಲಿನ ಬೇರೆ ಜಾಹೀರಾತು ನೋಡಿ ಅದರ ರೇಟನ್ನೇ ಹಾಕುದು. ಪರದೆ ಮೇಲೆ ಕಾಣುದು ಮಾರಾಟ ಆಗದೇ ಉಳಿದ ರೇಟು. ಮಾರಾಟ ಆದದ್ದು ಅಲ್ಲಿಂದ ಹೋಗಿ ಆಗಿದೆ. 40 ದಿನದಿಂದ 32,000ಕ್ಕೆ ಕೂತದ್ದನ್ನು ನೋಡಿ ನೀವೂ 32,000 ಹಾಕಿದ್ರೆ ಅದರ ಪಕ್ಕದಲ್ಲೇ ಕೂರ್ತೀರಿ.

ಮಾಡಬೇಕಾದ್ದು ಹೀಗೆ: ಅದೇ ಪ್ರೊಸೆಸರಿನ ಆರೇಳು ಜಾಹೀರಾತು ಸೇವ್ ಮಾಡಿಟ್ಟು, ವಾರ ಬಿಟ್ಟು ಪುನಃ ನೋಡಿ. ಮಾಯ ಆದವುಗಳ ರೇಟು ನಿಮ್ಮ ರೇಟಿಗೆ ಹತ್ತಿರ. ಕೆಲವರು ಮಾರದೇ ತೆಗೆದಿರ್ತಾರೆ, ನಿಜ, ಆದ್ರೂ ಅಂದಾಜು ಸಿಗ್ತದೆ.

ಹಳೇ_ಮದರ್‌ಬೋರ್ಡ್

ಬ್ಯಾಟರಿ ಎಷ್ಟಕ್ಕೆ ಇಳಿದಿದೆ ಅಂತ ಒಬ್ಬರೂ ಕೇಳ್ಲಿಲ್ಲ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆಗೆದು "ಪವರ್‌ಸಿಎಫ್‌ಜಿ", ಒಂದು ಸ್ಪೇಸ್, ಸ್ಲ್ಯಾಷ್ ಹಾಕಿ "ಬ್ಯಾಟರಿರಿಪೋರ್ಟ್" ಅಂತ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ, ಬ್ಯಾಟರಿ ಮತ್ತು ರಿಪೋರ್ಟ್ ನಡುವೆ ಸ್ಪೇಸ್ ಇಲ್ಲದೆ. ಒಂದು ಫೈಲ್ ಆಗ್ತದೆ, ಅದು ಬ್ರೌಸರಲ್ಲಿ ತೆಗೀತದೆ. ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ, ಇವೆರಡು ಅಂಕೆ ಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ.

ಎಸ್ಎಸ್‌ಡಿ ನೋಡ್ಲಿಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಸಾಫ್ಟ್‌ವೇರ್ ಉಂಟು. ಆರೋಗ್ಯದ ಪರ್ಸೆಂಟ್ ಮತ್ತು ಪವರ್ ಆನ್ ಅವರ್ಸ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಡಿಸ್ಕಿನ ಸೀರಿಯಲ್ ನಂಬರ್ ಸಹ ಬರ್ತದೆ, ಹಾಕುವ ಮೊದಲು ಅಳಿಸಿ.

ಬಂಗುಡೆ_ಬೈಟ್ಸ್

ಮಾಡಿದೆ. ಡಿಸೈನ್ 42,000, ಈಗ 28,900. ಎಸ್ಎಸ್‌ಡಿ 93.

ಹಳೇ_ಮದರ್‌ಬೋರ್ಡ್

69 ಪರ್ಸೆಂಟ್. ಈ ಪ್ರಾಯಕ್ಕೆ ಅದು ಕೆಟ್ಟದ್ದೇನಲ್ಲ. ಆ ಅಂಕೆಯನ್ನೇ ಜಾಹೀರಾತಿನಲ್ಲಿ ಹಾಕಿ. "ಬ್ಯಾಟರಿ ಒಳ್ಳೆದುಂಟು" ಅಂದ್ರೆ ಯಾರೂ ನಂಬುದಿಲ್ಲ. 69 ಅಂತ ಬರೆದು ಕೆಳಗೆ ರಿಪೋರ್ಟ್ ಹಾಕಿದ್ರೆ ಚೌಕಾಸಿಯಲ್ಲಿ "ಬ್ಯಾಟರಿ ಹೋಗಿರ್ಬೇಕು, ಐದು ಸಾವಿರ ಕಡಿಮೆ ಮಾಡಿ" ಅನ್ನುವ ಮಾತೇ ಏಳುದಿಲ್ಲ.

ಮಲ್ಪೆ_ಮೋಡೆಮ್

ಮಾರುವ ಮೊದಲು ಹೊಸ ಬ್ಯಾಟರಿ ಹಾಕಿ, ರ್ಯಾಮ್ 16 ಮಾಡಿಸಿ. ಸೀದಾ 30,000ಕ್ಕೆ ಹೋಗ್ತದೆ.

ಗೋಳಿಬಜೆ_ಗೇಮರ್

ಈಗಿನ ರೇಟಲ್ಲಿ ರ್ಯಾಮ್ ಹಾಕಿ ಮಾರುದಾ? ಹಾಕಿದ ದುಡ್ಡೂ ವಾಪಸ್ ಬರುದಿಲ್ಲ. ಒಂದು ಸ್ಲಾಟ್ ಖಾಲಿ ಇದ್ರೆ "ಸ್ಲಾಟ್ ಖಾಲಿ" ಅಂತ ಬರೆಯಿರಿ, ಅದಕ್ಕೆ ಖರ್ಚಿಲ್ಲ.

ಹಳೇ_ಮದರ್‌ಬೋರ್ಡ್

ಬ್ಯಾಟರಿಯೂ ಬೇಡ. ಕಡಿಮೆಯ ಕಾಂಪ್ಯಾಟಿಬಲ್ ಹಾಕಿದ್ರೆ ತಿಳಿದವ ಕೇಳಿಯೇ ಕೇಳ್ತಾನೆ, ಒರಿಜಿನಲ್ ಹಾಕಿದ್ರೆ ನಿಮಗೆ ನಷ್ಟ. ಬ್ಯಾಟರಿ ಉಬ್ಬಿದ್ರೆ ಮಾತ್ರ ಬೇರೆ ಮಾತು. ಟಚ್‌ಪ್ಯಾಡ್ ಮೇಲೆದ್ದಿದ್ರೆ, ಕ್ಲಿಕ್ ಗಟ್ಟಿಯಾಗಿದ್ರೆ, ಮೇಜಿನ ಮೇಲಿಟ್ಟಾಗ ಅಲುಗಾಡಿದ್ರೆ ಮೊದಲು ಅದನ್ನು ತೆಗೆಸಿ. ಬ್ಯಾಟರಿ ಇಲ್ಲದೆ ಮಾರಿ, ಬರೆದೇ ಮಾರಿ. ಉಬ್ಬಿದ ಬ್ಯಾಟರಿ ಇರುವ ಮೆಷಿನನ್ನು ಕೊರಿಯರಿಗೆ ಕೊಡ್ಲೇಬಾರದು, ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವ ಹಾಗೆಯೇ ಇಲ್ಲ.

ಸ್ಕ್ರೂಡ್ರೈವರ್_ಕಂಕನಾಡಿ

ಹಿಂಜಿನ ವಿಷಯ ಸ್ವಲ್ಪ ಉದ್ದ ಬರೀತೇನೆ, ಯಾಕಂದ್ರೆ ಇದು ಕರಾವಳಿಯ ರೋಗ. ಇಲ್ಲಿಯ ಗಾಳಿಯಲ್ಲಿ ಉಪ್ಪು ಉಂಟು, ತೇವ ಉಂಟು. ಹಿಂಜಿನ ಗ್ರೀಸ್ ಒಣಗಿ ಲೋಹ ತುಕ್ಕು ಹಿಡೀತದೆ, ತಿರುಗುದು ಬಿಗಿ ಆಗ್ತದೆ. ಬಿಗಿಯಾದ ಹಿಂಜ್ ತನ್ನಷ್ಟಕ್ಕೆ ಮುರಿಯುದಿಲ್ಲ. ಅದನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಕಂಬದೊಳಗೆ ಸಣ್ಣ ಹಿತ್ತಾಳೆ ನಟ್ ಕೂರಿಸಿರ್ತಾರಲ್ಲ, ಅದು ಕಿತ್ತು ಬರ್ತದೆ. ಆ "ಟಕ್" ಅದೇ ಶಬ್ದ ಆಗಿರ್ಬಹುದು.

ಈಗ ಕಿತ್ತಿಲ್ಲ, ಬರೇ ಬಿಗಿ ಅಂತಾದ್ರೆ: ಹಿಂಬದಿ ಕವರ್ ತೆಗೆದು ಹಿಂಜಿನ ತುದಿಯ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಒಂದು ಹನಿ ಎಣ್ಣೆ ಬಿಡಿ, ಹತ್ತು ಸಲ ನಿಧಾನ ತೆರೆದು ಮುಚ್ಚಿ. ಹೆಚ್ಚು ಸಡಿಲ ಆದ್ರೆ ಪರದೆ ತಾನಾಗಿ ಬೀಳ್ತದೆ, ಜಾಗ್ರತೆ. ಕಿತ್ತಿದ್ರೆ ಎಪಾಕ್ಸಿ ಅಂಟು ಹಾಕಿ ಕೂರಿಸ್ತಾರೆ. 24 ಗಂಟೆ ಒಣಗಲು ಬಿಡದೆ ಸ್ಕ್ರೂ ಬಿಗಿದ್ರೆ ಪುನಃ ಬರ್ತದೆ. ಹಾಗೆ ಕೂರಿಸಿದ್ದನ್ನು ಮುಚ್ಚಿಟ್ಟು ಮಾರಬೇಡಿ. ಹಿಂಬದಿ ಕವರಿನ ಅಂಚು ಸ್ವಲ್ಪ ಬಾಯಿ ಬಿಟ್ಟಿರ್ತದೆ, ನೋಡುವವನಿಗೆ ಮೊದಲು ಕಾಣುದೇ ಅದು.

ಕುಂದಾಪ್ರ_ಕೀಬೋರ್ಡ್

ಎಣ್ಣಿ ಅಂದ್ರೆ ತೆಂಗಿನೆಣ್ಣಿ ಹಾಕ್ಬೇಡಿ ಮರ್ರೆ. ಹಾಕುವವ್ರ್ ಇದ್ದ್ರ್.

ಸ್ಕ್ರೂಡ್ರೈವರ್_ಕಂಕನಾಡಿ

ಹೊಲಿಗೆ ಮೆಷಿನಿನ ಎಣ್ಣೆ. ಡಬ್ಲ್ಯೂಡಿ-40 ಸಹ ಬೇಡ, ಅದು ಇದ್ದ ಗ್ರೀಸನ್ನೂ ತೊಳೆದು ಹಾಕ್ತದೆ, ಸ್ಪ್ರೇ ಹೊಡೆದ್ರೆ ಪರದೆಯ ಕೇಬಲಿನ ಮೇಲೂ ಹೋಗ್ತದೆ.

ನೀರುದೋಸೆ

"ಒರಿಜಿನಲ್ ಆಫೀಸ್ ಸಮೇತ" ಅನ್ನುದನ್ನು ಕೂಡ್ಲೆ ತೆಗೆಯಿರಿ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ನೀವು ಮೊದಲು ಆಕ್ಟಿವೇಟ್ ಮಾಡಿದ ಮೈಕ್ರೋಸಾಫ್ಟ್ ಖಾತೆಗೆ ಅಂಟಿಕೊಂಡಿದೆ. ರೀಸೆಟ್ ಮಾಡಿ ಕೊಟ್ಟ ಮೇಲೆ ಕೊಂಡವನಿಗೆ ಅದು ಸಿಗುದಿಲ್ಲ. ಆಮೇಲೆ ಜಗಳ. ವಿಂಡೋಸ್ ಹಾಗಲ್ಲ, ಅದರ ಲೈಸೆನ್ಸ್ ಮದರ್‌ಬೋರ್ಡಿನಲ್ಲಿ ಉಂಟು, ಯಾರ ಕೈಗೆ ಹೋದ್ರೂ ಆಕ್ಟಿವೇಟ್ ಆಗ್ತದೆ.

ಮಲ್ಪೆ_ಮೋಡೆಮ್

ಇದಕ್ಕೆ ವಿಂಡೋಸ್ 11 ಹೋಗ್ತದಾ? ಏಳನೇ ಪೀಳಿಗೆಯದ್ದು ಒಂದು ಇಲ್ಲೂ ಉಂಟು, ಅದಕ್ಕೆ ಎಷ್ಟು ಸಿಗಬಹುದು?

ಟೈಗರ್‌ಸರ್ಕಲ್

1135ಜಿ7 ಇಂಟೆಲಿನ 11ನೇ ಪೀಳಿಗೆಯದ್ದು, ಅದಕ್ಕೆ ತಕರಾರಿಲ್ಲ. ಇಂಟೆಲ್ ಆದ್ರೆ ಎಂಟನೇ ಪೀಳಿಗೆಯಿಂದ ಮೇಲೆ, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ನಿಮ್ಮ ಏಳನೇ ಪೀಳಿಗೆಯದ್ದು ಆ ಪಟ್ಟಿಯ ಹೊರಗೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೆಚ್ಚುವರಿ ಭದ್ರತಾ ಅಪ್‌ಡೇಟ್ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ. ಅದನ್ನು ಲಿನಕ್ಸ್ ಮೆಷಿನ್ ಅಂತ ಮಾರಿ, ಇಲ್ಲವೇ ಬಿಡಿಭಾಗಕ್ಕೆ ಕೊಡಿ. ಹೇಗೋ 11 ತುರುಕಿಸಿ "ವಿಂಡೋಸ್ 11 ಉಂಟು" ಅಂತ ಮಾರುದು ಸರಿಯಲ್ಲ.

ಗೋಳಿಬಜೆ_ಗೇಮರ್

ಮೂಲ ಪೋಸ್ಟಿನವರಿಗೆ ಇನ್ನೊಂದು: "ಐರಿಸ್ ಎಕ್ಸ್‌ಇ ಗ್ರಾಫಿಕ್ಸ್" ಅಂತ ಬರೆಯುವ ಮೊದಲು ಡಿವೈಸ್ ಮ್ಯಾನೇಜರ್ ನೋಡಿ. ಒಂದೇ ಸ್ಲಾಟಿನಲ್ಲಿ 8 ಜಿಬಿ ಇದ್ರೆ ಅಲ್ಲಿ "ಯುಎಚ್‌ಡಿ ಗ್ರಾಫಿಕ್ಸ್" ಅಂತ ತೋರಿಸ್ತದೆ. ಚಿಪ್ ಅದೇ, ಆದ್ರೆ ರ್ಯಾಮ್ ಜೋಡಿಯಾಗಿ (ಡ್ಯುಯಲ್ ಚಾನೆಲ್) ಇದ್ರೆ ಮಾತ್ರ ಐರಿಸ್ ಹೆಸರು ಬರುದು. ಗೊತ್ತಿಲ್ಲದ ಕೊಳ್ಳುವವ ಅದನ್ನು ನೋಡಿ "ಮೋಸ" ಅಂತ ಎದ್ದು ಹೋಗ್ತಾನೆ.

ಬಂಗುಡೆ_ಬೈಟ್ಸ್

ಹೌದು, ಯುಎಚ್‌ಡಿ ಅಂತಲೇ ಉಂಟು! ನಾಲ್ಕು ವರ್ಷ ಗೊತ್ತೇ ಇರ್ಲಿಲ್ಲ.

ನೀರುದೋಸೆ

ಫೋಟೋ ಎರಡು ಸಾಕಾಗುದಿಲ್ಲ. ಎಂಟರಿಂದ ಹತ್ತು ಬೇಕು. ಬೆಳಿಗ್ಗೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ. ಮುಚ್ಚಿದ ಮೇಲ್ಭಾಗ, ಹಿಂಬದಿ, ಎರಡೂ ಬದಿಯ ಪೋರ್ಟು, ಮೇಲಿಂದ ಕೀಬೋರ್ಡ್ (ಮಾಸಿದ ಕೀ ಇದ್ರೆ ಹತ್ತಿರದಿಂದ ಇನ್ನೊಂದು), ಪರದೆ ಪೂರ್ತಿ ಬಿಳಿ, ಪರದೆ ಪೂರ್ತಿ ಕಪ್ಪು, ಚಾರ್ಜರಿನ ವ್ಯಾಟ್ ಬರೆದ ಲೇಬಲ್, ಹಿಂಜ್. ಬಿಳಿಯಲ್ಲಿ ಸತ್ತ ಪಿಕ್ಸೆಲ್ ಕಾಣ್ತದೆ, ಕಪ್ಪಿನಲ್ಲಿ ಅಂಚಿನ ಬೆಳಕಿನ ಸೋರಿಕೆ.

ಒರೆಸುದು ಮರೀಬೇಡಿ. ಕೀಬೋರ್ಡಿಗೆ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಬಟ್ಟೆಗೆ ಹಾಕಿ, ನೇರ ಹೊಯ್ಯಬೇಡಿ. ಪರದೆಗೆ ಮೈಕ್ರೋಫೈಬರ್ ಮತ್ತು ಬರೇ ನೀರಿನ ಪಸೆ. ಡೆಸ್ಕ್‌ಟಾಪಿನಲ್ಲಿ ಮಕ್ಕಳ ಫೋಟೋ, ಬ್ರೌಸರಲ್ಲಿ ತೆರೆದಿಟ್ಟ ಮೇಲ್, ಕೆಳಗಿನ ಸ್ಟಿಕ್ಕರಿನ ಸೀರಿಯಲ್ ನಂಬರ್ ಯಾವುದೂ ಫೋಟೋದಲ್ಲಿ ಇರಬಾರದು. ಸೀರಿಯಲ್ ಬೇಕು ಅಂತ ಕೇಳಿದವನಿಗೆ ಎದುರು ಬಂದಾಗ ತೋರಿಸಿ.

ಟೈಗರ್‌ಸರ್ಕಲ್

ಮಳೆಗೆ ಮೊದಲು ಮಾರುದು ಅಂದಿರಲ್ಲ, ಅದು ಸರಿಯಾ ಅಂತ ನೋಡಿ. ಮೇ, ಜೂನಿನಲ್ಲಿ ಮಣಿಪಾಲ, ಸುರತ್ಕಲ್, ದೇರಳಕಟ್ಟೆ ಎಲ್ಲ ಕಡೆ ಕೋರ್ಸ್ ಮುಗಿಸಿದವರು ರೂಮು ಖಾಲಿ ಮಾಡ್ತಾರೆ. ಮೇಜು, ಕೂಲರ್, ಸೈಕಲ್, ಲ್ಯಾಪ್‌ಟಾಪ್ ಎಲ್ಲ ಒಟ್ಟಿಗೆ ಮಾರಾಟಕ್ಕೆ. ಹೊಸ ಬ್ಯಾಚ್ ಬರುದು ಜುಲೈ, ಆಗಸ್ಟಿನಲ್ಲಿ. ಆರು ವಾರ ಕಾದ್ರೆ ಕೇಳುವವರು ಜಾಸ್ತಿ.

ಹಳೇ_ಮದರ್‌ಬೋರ್ಡ್

ಆರು ವಾರ ಮಳೆಗಾಲದಲ್ಲಿ ಮುಚ್ಚಿಟ್ಟ ಲ್ಯಾಪ್‌ಟಾಪ್ ಮಂಗಳೂರಿನಲ್ಲಿ ಎಂತ ಆಗ್ತದೆ ಗೊತ್ತಲ್ಲ? ಬ್ಯಾಗಿನೊಳಗೆ ಬೂಸ್ಟು, ಸ್ಕ್ರೂ ತಲೆಗೆ ತುಕ್ಕು, ಯುಎಸ್‌ಬಿ ಬಾಯಿಯಲ್ಲಿ ಹಸಿರು. ಕೀಬೋರ್ಡಿನ ಪದರದಲ್ಲಿ ತೇವ ಕೂತು ಎರಡು ಕೀ ತಾವಾಗಿಯೇ ಒತ್ತಿಕೊಳ್ತವೆ. ಬೆಲೆ 1,000 ಏರುವ ಆಸೆಗೆ 3,000ದ ಕೀಬೋರ್ಡ್ ಹೋಗ್ತದೆ.

ಟೈಗರ್‌ಸರ್ಕಲ್

ದಿನಾ ಒಂದು ಗಂಟೆ ಆನ್ ಮಾಡಿದ್ರೆ ಅದೇ ಬಿಸಿಗೆ ಒಣಗ್ತದೆ. ಇಡುದಿದ್ರೆ ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಹಾಕಿ, ಚಾರ್ಜ್ ಅರ್ಧದಲ್ಲಿ. ಅಕ್ಕಿ ಡಬ್ಬ ಅಲ್ಲ!

ಕುಂದಾಪ್ರ_ಕೀಬೋರ್ಡ್

ಅಕ್ಕಿ ಡಬ್ಬಿಗ್ ಹಾಕಿರೆ ಲ್ಯಾಪ್‌ಟಾಪಿಗ್ ಗುಗ್ಗುರು ಹಿಡಿತ್ತ್ ಕಾಣಿ.

ಗೋಳಿಬಜೆ_ಗೇಮರ್

ಹಂಪನಕಟ್ಟೆಯ ಅಂಗಡಿಗೆ ಕೊಟ್ರೆ ಒಂದೇ ದಿನದ ಕೆಲಸ ಅಲ್ವಾ?

ಸ್ಕ್ರೂಡ್ರೈವರ್_ಕಂಕನಾಡಿ

ಹೌದು, ಆದ್ರೆ ಅಂಗಡಿಯವ ಅದನ್ನು ತೆರೆದು ಕ್ಲೀನ್ ಮಾಡಿ, ಒಂದೆರಡು ತಿಂಗಳ ಗ್ಯಾರಂಟಿ ಕೊಟ್ಟು ಮಾರ್ಬೇಕು. ನೇರ ಮಾರಾಟಕ್ಕಿಂತ ಕಾಲು ಭಾಗ ಕಡಿಮೆ ಹೇಳ್ತಾನೆ, ಅದು ಅನ್ಯಾಯ ಅಲ್ಲ. ಮೂರು ಅಂಗಡಿಯಲ್ಲಿ ಕೇಳಿ ಆ ಅಂಕೆಯನ್ನು ನಿಮ್ಮ ತಳ ಅಂತ ಇಟ್ಟುಕೊಳ್ಳಿ. ಆನ್‌ಲೈನಲ್ಲಿ ಅದಕ್ಕಿಂತ ಕೆಳಗೆ ಕೇಳಿದವನಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ನೀರುದೋಸೆ

ಈಗ ಮೋಸದ ವಿಷಯ. ಜಾಹೀರಾತು ಹಾಕಿದ ಅರ್ಧ ಗಂಟೆಗೆ ಒಬ್ಬ ಬರ್ತಾನೆ, ಚೌಕಾಸಿ ಇಲ್ಲ, "ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ದುಡ್ಡು ಈಗಲೇ ಕಳಿಸ್ತೇನೆ, ಹುಡುಗ ಬಂದು ಒಯ್ತಾನೆ" ಅಂತಾನೆ. ಐಡಿ ಕಾರ್ಡಿನ ಫೋಟೋ ಸಹ ಕಳಿಸ್ತಾನೆ. ಆಮೇಲೆ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರೆ ದುಡ್ಡು ಬರ್ತದೆ ಅಂತಾನೆ. ದುಡ್ಡು ಬರ್ಲಿಕ್ಕೆ ಪಿನ್ ಬೇಡ. ಸ್ಕ್ಯಾನೂ ಬೇಡ. ಪಿನ್ ಒತ್ತಿದ್ರೆ ದುಡ್ಡು ಹೋಗುದು ಮಾತ್ರ.

ಮಲ್ಪೆ_ಮೋಡೆಮ್

ಯುಪಿಐಯಲ್ಲಿ ದುಡ್ಡು ಕೇಳಿ ಕಳಿಸುವ ಕಲೆಕ್ಟ್ ರಿಕ್ವೆಸ್ಟ್ ಬಂದ್ ಆಗಿದೆ ಅಲ್ವಾ?

ನೀರುದೋಸೆ

ವ್ಯಕ್ತಿಯಿಂದ ವ್ಯಕ್ತಿಗೆ ಆ ರಿಕ್ವೆಸ್ಟ್ ಕಳಿಸುದು 2025ರ ಅಕ್ಟೋಬರ್ 1ರಿಂದ ನಿಂತಿದೆ. ಕ್ಯೂಆರ್ ನಿಂತಿಲ್ಲ. ಹಣ ಹೋದ ಹಾಗೆ ತೋರಿಸುವ ನಕಲಿ ಆ್ಯಪ್ ಸಹ ಉಂಟು, ಹಸಿರು ಟಿಕ್, ಶಬ್ದ ಎಲ್ಲ ಬರ್ತದೆ. ಅವನ ಫೋನ್ ನೋಡ್ಬೇಡಿ, ಎಸ್ಎಂಎಸ್ ಸಹ ನಂಬ್ಬೇಡಿ, ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಬ್ಯಾಲೆನ್ಸ್ ನೋಡಿ ಆಮೇಲೆ ಚಾರ್ಜರ್ ಕೈಗೆ ಕೊಡಿ. ಕೈ ತಪ್ಪಿದ್ರೆ ಕೂಡ್ಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಮೊದಲ ಒಂದೆರಡು ಗಂಟೆಯೊಳಗೆ.

ಟೈಗರ್‌ಸರ್ಕಲ್

ಕೊಳ್ಳುವವ ನಿಜವಾಗಿಯೂ ಪ್ರಾಮಾಣಿಕ ಆಗಿದ್ದು ದುಡ್ಡು ಹೋಗದೇ ಇರುದೂ ಉಂಟು. ಹೊಸ ಫೋನಿಗೆ ಯುಪಿಐ ಹಾಕಿದ್ರೆ ಮೊದಲ 24 ಗಂಟೆಗೆ 5,000ದ ಮಿತಿ. ಬರುವ ಮೊದಲೇ ಕೇಳಿಡಿ, ಇಲ್ಲದಿದ್ರೆ ಭೇಟಿಯಾದ ಜಾಗದಲ್ಲಿ ಇಬ್ಬರೂ ಮುಖ ಮುಖ ನೋಡ್ತಾ ಕೂರ್ಬೇಕು.

ಒಂದು ಚೀಟಿ ಬರೆದಿಡಿ, ಎರಡು ಪ್ರತಿ: ಮಾಡೆಲ್, ಸೀರಿಯಲ್, ಮೊತ್ತ, ತಾರೀಕು, ಇಬ್ಬರ ಸಹಿ, "ಇದ್ದ ಸ್ಥಿತಿಯಲ್ಲಿ ನೋಡಿ ಪರೀಕ್ಷಿಸಿ ಕೊಂಡಿದ್ದೇನೆ" ಅಂತ ಒಂದು ಸಾಲು. ಕೊಳ್ಳುವವನ ಗುರುತಿಗೆ ಮಾಸ್ಕ್ ಮಾಡಿದ (ಕೆಲವು ಅಂಕೆ ಮರೆಮಾಡಿದ) ಆಧಾರ್ ಸಾಕು. ಇದು ಬರೇ ಜಗಳ ತಪ್ಪಿಸ್ಲಿಕ್ಕೆ ಅಲ್ಲ. ಅವ ಕಳಿಸಿದ ದುಡ್ಡು ಬೇರೆ ಯಾರದ್ದೋ ವಂಚನೆಯ ದುಡ್ಡು ಆಗಿದ್ರೆ ನಿಮ್ಮ ಖಾತೆಗೆ ತಡೆ ಬೀಳ್ತದೆ. ಆಗ ತೋರಿಸ್ಲಿಕ್ಕೆ ನಿಮ್ಮ ಹತ್ರ ಇರುದು ಆ ಚೀಟಿ ಒಂದೇ.

ಗೋಳಿಬಜೆ_ಗೇಮರ್

ಭೇಟಿಗೆ ಪಾಂಡೇಶ್ವರದ ಮಾಲಿನ ಫುಡ್ ಕೋರ್ಟ್ ಒಳ್ಳೆದು. ಕ್ಯಾಮೆರಾ ಉಂಟು, ಜನ ಉಂಟು. ಪ್ಲಗ್ ಪಾಯಿಂಟ್ ಇರುವ ಮೇಜು ಮೊದಲೇ ಹಿಡೀರಿ. ಉಡುಪಿ ಕಡೆಯವ ಆದ್ರೆ ನಡುವೆ ಮೂಲ್ಕಿ, ಪಡುಬಿದ್ರಿ.

ಮಲ್ಪೆ_ಮೋಡೆಮ್

ಉಡುಪಿಗೇ ಬನ್ನಿ, ಮಾರಾಟ ಆದ ಖುಷಿಗೆ ಗಡ್ಬಡ್ ಐಸ್‌ಕ್ರೀಮ್ ತಿಂದು ಹೋಗ್ಬಹುದು. ಅದು ಹುಟ್ಟಿದ್ದು ಇಲ್ಲಿ.

ಗೋಳಿಬಜೆ_ಗೇಮರ್

ಶುರು ಆಯ್ತು. ಮಂಗಳೂರಿನವರು ಇದನ್ನು ಒಪ್ಪುದಿಲ್ಲ ಅಂತ ದಾಖಲೆಗೆ ಇರ್ಲಿ.

ಹಳೇ_ಮದರ್‌ಬೋರ್ಡ್

ಐಸ್‌ಕ್ರೀಮ್ ಬದಿಗಿಡಿ, ಡೇಟಾ ಅಳಿಸುದು ಯಾರೂ ಹೇಳ್ಲಿಲ್ಲ. ಎಸ್ಎಸ್‌ಡಿಗೆ ಏಳು ಸಲ ಮೇಲೆ ಮೇಲೆ ಬರೆಯುವ ಸಾಫ್ಟ್‌ವೇರ್ ಬೇಡ. ಬರೆದದ್ದು ಎಲ್ಲಿ ಕೂರಬೇಕು ಅಂತ ಎಸ್ಎಸ್‌ಡಿಯೊಳಗಿನ ಕಂಟ್ರೋಲರ್ ಚಿಪ್ ತಾನೇ ನಿರ್ಧರಿಸ್ತದೆ, ಹಳೇ ತುಣುಕು ಬೇರೆಲ್ಲೋ ಉಳೀತದೆ, ಡಿಸ್ಕ್ ಸವೆಯುದು ಮಾತ್ರ ನಿಜ. ಮೊದಲು ಡಿವೈಸ್ ಎನ್‌ಕ್ರಿಪ್ಷನ್ (ಡೇಟಾವನ್ನು ಬೇರೆಯವರಿಗೆ ಓದ್ಲಿಕ್ಕಾಗದ ಹಾಗೆ ಬೀಗ ಹಾಕುದು) ಆನ್ ಇದೆಯಾ ನೋಡಿ, ಇಲ್ಲದಿದ್ರೆ ಆನ್ ಮಾಡಿ ಮುಗಿಯುವವರೆಗೆ ಕಾಯಿರಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ, ರಿಮೂವ್ ಎವ್ರಿಥಿಂಗ್. ಅದರೊಳಗೆ ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆನ್ ಮಾಡಿ. ಮೈಕ್ರೋಸಾಫ್ಟ್ ಖಾತೆಯ ಡಿವೈಸ್ ಪಟ್ಟಿಯಿಂದಲೂ ತೆಗೆಯಿರಿ. ಬಯಾಸ್ ಪಾಸ್‌ವರ್ಡ್ (ವಿಂಡೋಸ್ ಶುರು ಆಗುವ ಮೊದಲೇ ಕೇಳುವಂಥದ್ದು) ಇಟ್ಟಿದ್ರೆ ಅದನ್ನೂ.

ಬಂಗುಡೆ_ಬೈಟ್ಸ್

ರೀಸೆಟ್ ಮಾಡಿದ್ರೆ ಕೊಳ್ಳುವವ ಟೆಸ್ಟ್ ಮಾಡುದು ಹೇಗೆ? ಖಾತೆ ಹಾಕಿ ಅಂತ ಕೇಳ್ತದಲ್ಲ. ನನ್ನದು ಹಾಕಿದ್ರೆ ಪುನಃ ರೀಸೆಟ್ ಮಾಡ್ಬೇಕು.

ಹಳೇ_ಮದರ್‌ಬೋರ್ಡ್

ಒಳ್ಳೆ ಪ್ರಶ್ನೆ. ರೀಸೆಟ್ ಆಗಿ ದೇಶ ಯಾವುದು ಅಂತ ಕೇಳುವ ಮೊದಲ ಪರದೆ ಬಂದಾಗ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ. ಕೆಲವದರಲ್ಲಿ ಎಫ್ಎನ್ ಸಹ ಹಿಡೀಬೇಕು. ಆಡಿಟ್ ಮೋಡ್‌ಗೆ ಹೋಗ್ತದೆ, ಖಾತೆ ಇಲ್ಲದೆ ಸೀದಾ ಡೆಸ್ಕ್‌ಟಾಪ್. ಕ್ಯಾಮೆರಾ, ಸ್ಪೀಕರ್, ವೈಫೈ, ಪ್ರತಿ ಕೀ, ಪ್ರತಿ ಪೋರ್ಟು ಅಲ್ಲೇ ತೋರಿಸಿ. ಸಿಸ್‌ಪ್ರೆಪ್ ಅಂತ ಒಂದು ಸಣ್ಣ ಕಿಟಕಿ ತೆರೆದಿರ್ತದೆ, ಮುಚ್ಚಬೇಡಿ. ದುಡ್ಡು ಬಂದ ಮೇಲೆ ಅದರಲ್ಲಿ ಔಟ್ ಆಫ್ ಬಾಕ್ಸ್ ಎಕ್ಸ್‌ಪೀರಿಯೆನ್ಸ್, ಶಟ್‌ಡೌನ್ ಆಯ್ಕೆ ಮಾಡಿ ಓಕೆ ಕೊಡಿ. ಅವ ಮನೆಗೆ ಹೋಗಿ ಆನ್ ಮಾಡಿದಾಗ ಹೊಸದರ ಹಾಗೆ ಶುರು ಆಗ್ತದೆ.

ಸ್ಕ್ರೂಡ್ರೈವರ್_ಕಂಕನಾಡಿ

ಕೊಳ್ಳುವ ಕಡೆಯವರು ಓದ್ತಾ ಇದ್ರೆ: ರೀಸೆಟ್ ಆದ ಮೇಲೆ ಇಂಟರ್‌ನೆಟ್ ಜೋಡಿಸಿ ಆ ಶುರುವಿನ ಪರದೆ ನೋಡಿಯೇ ದುಡ್ಡು ಕೊಡಿ. ಯಾವುದೋ ಕಂಪನಿಯ ಹೆಸರು ಬಂದು ಆಫೀಸಿನ ಲಾಗಿನ್ ಕೇಳಿದ್ರೆ ಅದು ಕಂಪನಿಯ ಆಸ್ತಿ, ಎಷ್ಟು ಸಲ ರೀಸೆಟ್ ಮಾಡಿದ್ರೂ ಹೋಗುದಿಲ್ಲ. ಮ್ಯಾಕ್ ಆದ್ರೆ ಮಾರುವವನ ಖಾತೆಗೆ ಮೆಷಿನ್ ಕಟ್ಟಿಹಾಕುವ ಆಕ್ಟಿವೇಷನ್ ಲಾಕ್ ಉಂಟು, ಫೈಂಡ್ ಮೈ ಆಫ್ ಆಗಿದ್ದನ್ನು ಕಣ್ಣಾರೆ ನೋಡಿ.

ಬಂಗುಡೆ_ಬೈಟ್ಸ್

ಹಿಂಜ್ ತೆರೆದು ನೋಡಿದೆ, ನಟ್ ಕಿತ್ತಿಲ್ಲ, ಬರೇ ಬಿಗಿ. ಕಾಲು ಸುತ್ತು ಸಡಿಲಿಸಿದ ಮೇಲೆ ಟಕ್ ನಿಂತಿದೆ. ಹೊಸ ಜಾಹೀರಾತು ಹೀಗೆ, ಬೈಯ್ಯುದಿದ್ರೆ ಈಗಲೇ ಬೈಯ್ಯಿರಿ:

"ಐ5-1135ಜಿ7, 8 ಜಿಬಿ (ಒಂದು ಸ್ಲಾಟ್ ಖಾಲಿ), 512 ಜಿಬಿ ಎಸ್ಎಸ್‌ಡಿ, 15.6 ಇಂಚು ಫುಲ್ ಎಚ್‌ಡಿ, ವಿಂಡೋಸ್ 11. 2021 ಸೆಪ್ಟೆಂಬರ್ ಬಿಲ್ ಇದೆ, ವಾರಂಟಿ ಇಲ್ಲ. ಬ್ಯಾಟರಿ 69%, ಎಸ್ಎಸ್‌ಡಿ 93%, ರಿಪೋರ್ಟ್ ಫೋಟೋದಲ್ಲಿದೆ. ಎಡ ಹಿಂಜ್ ಬಿಗಿ ಇತ್ತು, ಸಡಿಲಿಸಲಾಗಿದೆ, ಮುರಿದಿಲ್ಲ. ಎ ಮತ್ತು ಎಸ್ ಕೀ ಮಾಸಿವೆ. ಒರಿಜಿನಲ್ 65 ವ್ಯಾಟ್ ಚಾರ್ಜರ್ ಇದೆ, ಬಾಕ್ಸ್ ಇಲ್ಲ. ಬಿಜೈ ಅಥವಾ ಪಾಂಡೇಶ್ವರದಲ್ಲಿ ನೋಡಬಹುದು. ಕೊರಿಯರ್, ಎಕ್ಸ್‌ಚೇಂಜ್ ಇಲ್ಲ. 21,500."

ಸ್ಕ್ರೂಡ್ರೈವರ್_ಕಂಕನಾಡಿ

ಹಿಂಜ್ ಸರಿಯಾದ್ರೆ 1,500 ಕಳೆಯುದು ಬೇಡ, 21,500 ನಡೀತದೆ. ತಳ 19,000 ಅಂತ ಮನಸ್ಸಿನಲ್ಲಿಡಿ, ಬರೆಯಬೇಡಿ. ವಾರ ಕಳೆದ್ರೂ ಯಾರೂ ಬಾರದಿದ್ರೆ 1,000 ಇಳಿಸಿ. ದಿನಾ 200 ಇಳಿಸ್ಲಿಕ್ಕೆ ಹೋದ್ರೆ ಸೇವ್ ಮಾಡಿಟ್ಟವ ಇನ್ನೂ ಇಳಿಯಲಿ ಅಂತ ಕಾಯ್ತಾನೆ.

ನೀರುದೋಸೆ

"ಲಾಸ್ಟ್ ಎಷ್ಟು" ಅಂದವನಿಗೆ ಅಂಕೆ ಹೇಳ್ಬೇಡಿ. "ಬಂದು ನೋಡಿ, ಮಾತಾಡುವ" ಅನ್ನಿ. ಬರುವವ ಬರ್ತಾನೆ.

ಬಂಗುಡೆ_ಬೈಟ್ಸ್

ಹಾಕಿ ಎರಡು ಗಂಟೆ. ಮೂರು ಮೆಸೇಜ್. ಸುರತ್ಕಲಿನ ಒಬ್ಬರು ಶನಿವಾರ ಬರ್ತಾರಂತೆ, ಬ್ಯಾಟರಿ ರಿಪೋರ್ಟಿನ ತಾರೀಕು ಯಾವಾಗಿನದ್ದು ಅಂತ ಕೇಳಿದ್ರು. ಉಳಿದ ಇಬ್ಬರು "ಲಾಸ್ಟ್ ಎಷ್ಟು?"

ಕುಂದಾಪ್ರ_ಕೀಬೋರ್ಡ್

ತಾರೀಕ್ ಕೇಂಡವ್ರೇ ತಕಂತ್ರ್ ಕಾಣಿ.